ಎರಡು ಮಿಲಿಮೀಟರ್ ದೊಡ್ಡ ಪ್ರೊಪೆಲ್ಲರ್

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ರಿಮೋಟ್ ದೋಣಿಯ ಹುಚ್ಚು ಹಿಡಿದವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: “ಎರಡು ಸೆಲ್ಲಿನ ಬ್ಯಾಟರಿ ತೆಗೆದು ಮೂರು ಸೆಲ್ಲಿಂದು ಹಾಕಿದ್ರೆ ಸ್ಪೀಡ್ ಜಾಸ್ತಿ ಆಗುತ್ತೆ ಅಲ್ವಾ?” ಆಗುತ್ತದೆ. ಎಷ್ಟು ಹೊತ್ತು ಅನ್ನುವುದು ಬೇರೆ ಮಾತು. ರಿಮೋಟ್ ಕಾರಾದರೆ ಇಳಿಜಾರಿನಲ್ಲೋ ತಿರುವಿನಲ್ಲೋ ಮೋಟಾರಿಗೆ ಸ್ವಲ್ಪ ಬಿಡುವು ಸಿಗುತ್ತದೆ. ದೋಣಿಗೆ ಆ ಭಾಗ್ಯ ಇಲ್ಲ. ಥ್ರಾಟಲ್ ಒತ್ತಿದಷ್ಟು ಹೊತ್ತೂ ಪ್ರೊಪೆಲ್ಲರ್ ನೀರನ್ನು ತಳ್ಳುತ್ತಲೇ ಇರಬೇಕು.

ಲೆಕ್ಕ ಹಾಕಿ ನೋಡೋಣ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ ಒಂದು ಸೆಲ್ಲಿಗೆ 3.7 ವೋಲ್ಟ್. ಎರಡು ಸೆಲ್ಲಿಗೆ 7.4, ಮೂರಕ್ಕೆ 11.1. ಅಂದರೆ ವೋಲ್ಟ್ ಒಂದೂವರೆ ಪಟ್ಟು, ಮೋಟಾರಿನ ಸುತ್ತೂ ಸುಮಾರು ಒಂದೂವರೆ ಪಟ್ಟು. ಆದರೆ ಪ್ರೊಪೆಲ್ಲರ್ ತಿರುಗಿಸಲು ಬೇಕಾದ ಶಕ್ತಿ ಸುತ್ತಿನ ಘನದ ಲೆಕ್ಕದಲ್ಲಿ ಏರುತ್ತದೆ. ಒಂದೂವರೆಯನ್ನು ಮೂರು ಸಲ ಗುಣಿಸಿದರೆ ಸುಮಾರು 3.4. ಕರೆಂಟ್ ಎರಡೂಕಾಲು ಪಟ್ಟಾಗುತ್ತದೆ. ತಂತಿ ಸುತ್ತುಗಳಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಹೆಚ್ಚುವುದರಿಂದ ಅದು ಐದು ಪಟ್ಟು! ನಿಜವಾದ ನೀರಿನಲ್ಲಿ ಇಷ್ಟು ಪೂರ್ತಿ ಆಗುವುದಿಲ್ಲ. ಹೊರೆ ಬಿದ್ದಾಗ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ದೋಣಿ ಮೇಲೆದ್ದು ಓಡತೊಡಗಿದರೆ ಹೊರೆ ಒಂಚೂರು ಇಳಿಯುತ್ತದೆ. ಆದರೂ ಮೋಟಾರ್ ಸುಡಲು ಐದು ಪಟ್ಟು ಬೇಕಿಲ್ಲ, ಎರಡು ಪಟ್ಟು ಸಾಕು.

ಪ್ರೊಪೆಲ್ಲರಿನ ಅಗಲದ ಕಥೆ ಇದಕ್ಕಿಂತ ಕಠಿಣ. ಅದೇ ಆಕಾರ, ಅದೇ ಸುತ್ತು ಇಟ್ಟುಕೊಂಡು ವ್ಯಾಸವನ್ನಷ್ಟೇ ಹೆಚ್ಚಿಸಿದರೆ ಶಕ್ತಿ ಐದನೇ ಘಾತದಲ್ಲಿ ಏರುತ್ತದೆ. 40 ಮಿಲಿಮೀಟರಿನ ಜಾಗದಲ್ಲಿ 42ರದ್ದು ಹಾಕಿದರೆ ಹೊರೆ ಸುಮಾರು ಶೇಕಡಾ 28 ಜಾಸ್ತಿ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ನನ್ನ ಪ್ರಕಾರ ದೋಣಿಯ ಅಪ್‌ಗ್ರೇಡ್ ಶುರುವಾಗಬೇಕಾದ್ದು ಮೋಟಾರಿನಿಂದಲ್ಲ, ಹಿಂದಿನ ತುದಿಯಿಂದ. ಪ್ರೊಪೆಲ್ಲರ್ ಏನು ಕೇಳುತ್ತದೆ ಎಂದು ಮೊದಲು ತಿಳಿದು, ಮೋಟಾರನ್ನೂ ಬ್ಯಾಟರಿಯನ್ನೂ ಅದಕ್ಕೆ ಹೊಂದಿಸಬೇಕು.

ಹಳೆಯ ಬ್ರಷ್ ಮೋಟಾರ್ ತೆಗೆದು ಬ್ರಷ್‌ಲೆಸ್ ಹಾಕುವುದು ಮಾತ್ರ, ಅದಕ್ಕೆ ತಕ್ಕ ಇಎಸ್‌ಸಿಯನ್ನೂ (ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್) ಜೊತೆಗೆ ಹಾಕಿದರೆ, ಕಣ್ಣುಮುಚ್ಚಿ ಮಾಡಬಹುದಾದ ಬದಲಾವಣೆ. ಮನೆಯ ಬಿಎಲ್‌ಡಿಸಿ ಫ್ಯಾನಿನಲ್ಲಿರುವುದೂ ಇದೇ ಜಾತಿಯ ಮೋಟಾರ್. ಉಜ್ಜುವ ಕಾರ್ಬನ್ ಇಲ್ಲ, ಕಿಡಿ ಇಲ್ಲ. ಸುರುಳಿಗಳಲ್ಲಿ ತಿರುಗುವ ಕಾಂತಕ್ಷೇತ್ರದ ಹಿಂದೆ ಆಯಸ್ಕಾಂತ ಓಡುತ್ತದೆ, ಅಷ್ಟೇ. ತಿರುಗುವ ಕಾಂತಕ್ಷೇತ್ರದ ಮೇಲೆ ತಲೆ ಕೆಡಿಸಿಕೊಂಡಿದ್ದ ನಿಕೋಲಾ ಟೆಸ್ಲಾನೇ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ರೇಡಿಯೊ ಅಲೆಯಿಂದ ದೋಣಿ ನಡೆಸಿ ತೋರಿಸಿದ. ಅದೂ ಬ್ಯಾಟರಿಯ ದೋಣಿಯೇ!

ಬ್ರಷ್‌ಲೆಸ್ ಮೋಟಾರಿನ ಮೇಲೆ 2000 ಕೆವಿ ಎಂದಿದ್ದರೆ, ಹೊರೆ ಇಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ 2000 ಸುತ್ತು ಎಂದರ್ಥ. ಮೂರು ಸೆಲ್ಲಿನಲ್ಲಿ ಅದು 22,200 ಸುತ್ತು. ನಾಲ್ಕು ಸೆಲ್ಲಿಗೆ, ಅಂದರೆ 14.8 ವೋಲ್ಟಿಗೆ, ಹೋಗುವ ಆಸೆ ಇದ್ದರೆ 1500 ಕೆವಿಯ ಮೋಟಾರ್ ತನ್ನಿ. ಸುತ್ತು ಅದೇ 22,200, ಪ್ರೊಪೆಲ್ಲರ್ ಅದೇ, ಆದರೆ ಬ್ಯಾಟರಿಯಿಂದ ಎಳೆಯುವ ಕರೆಂಟ್ ಮುಕ್ಕಾಲಿಗೆ ಇಳಿಯುತ್ತದೆ. ಬ್ಯಾಟರಿಯ ತಂತಿಯಲ್ಲಿ ಪೋಲಾಗುವ ಬಿಸಿ ಅರ್ಧದ ಹತ್ತಿರಕ್ಕೆ ಬರುತ್ತದೆ. ಹೆಚ್ಚು ವೋಲ್ಟ್, ಕಡಿಮೆ ಕೆವಿ: ಓಟ ಅಷ್ಟೇ, ಸುಡುವುದು ಕಡಿಮೆ. ಅಂಗಡಿಯವರು ಇದನ್ನು ಹೇಳುವುದು ಅಪರೂಪ, ಯಾಕಂದರೆ ಕೆವಿ ದೊಡ್ಡದಿದ್ದಷ್ಟೂ ಡಬ್ಬಿ ಚೆನ್ನಾಗಿ ಕಾಣುತ್ತದೆ.

ಸುತ್ತನ್ನು ಸುಮ್ನೆ ಏರಿಸುತ್ತಾ ಹೋದರೆ ಇನ್ನೊಂದು ಗೋಡೆ ಎದುರಾಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ವೇಗವಾಗಿ ತಿರುಗುವ ಪ್ರೊಪೆಲ್ಲರ್ ರೆಕ್ಕೆಯ ಒಂದು ಬದಿಯಲ್ಲಿ ಒತ್ತಡ ಎಷ್ಟು ಬೀಳುತ್ತದೆಂದರೆ ತಣ್ಣನೆಯ ಕೆರೆಯ ನೀರೇ ಅಲ್ಲಿ ಆವಿಯಾಗುತ್ತದೆ. ಇದು ಕ್ಯಾವಿಟೇಶನ್. ರೆಕ್ಕೆಗೆ ಹಿಡಿತ ತಪ್ಪುತ್ತದೆ, ಮೋಟಾರ್ ಕಿರುಚುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ. ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ನೀರಿಗಿಳಿಸಿದ ‘ಟರ್ಬಿನಿಯಾ’ ಹಡಗಿಗೂ ಇದೇ ಗತಿಯಾಯಿತು. ಎಂಜಿನ್‌ನಲ್ಲಿ ಬಲವಿತ್ತು, ವೇಗ ಬರಲಿಲ್ಲ. ಅವನು ನೀರಿನ ತೊಟ್ಟಿಯಲ್ಲಿ ಪ್ರೊಪೆಲ್ಲರ್ ತಿರುಗಿಸಿ ಗುಳ್ಳೆಗಳನ್ನು ಗಮನಿಸಿದ. ಕೊನೆಗೆ ಮೂರು ಶಾಫ್ಟಿಗೆ ತಲಾ ಮೂರು ಪ್ರೊಪೆಲ್ಲರ್ ಹಾಕಿ ಹೊರೆ ಹಂಚಿದ. ಹಡಗು 34 ನಾಟ್ (ಗಂಟೆಗೆ ಸುಮಾರು 63 ಕಿಲೋಮೀಟರ್) ದಾಟಿತು.

ನಮ್ಮ ವೇಗದ ಮಾದರಿ ದೋಣಿಗಳು ಬೇರೆ ಉಪಾಯ ಹಿಡಿದಿವೆ. ಪ್ರೊಪೆಲ್ಲರ್ ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ. ಆವಿಯ ಗುಳ್ಳೆಯ ಬದಲು ರೆಕ್ಕೆ ಗಾಳಿಯನ್ನೇ ಎಳೆದುಕೊಂಡು ಇಳಿಯುತ್ತದೆ. ಶಾಫ್ಟೂ ನೀರಿನಿಂದ ಹೊರಗಿರುವುದರಿಂದ ಎಳೆತ ಕಡಿಮೆ. ಆದರೆ ರೆಕ್ಕೆಯ ಅಂಚು ಚೂಪಾಗಿರಬೇಕು, ಎರಡೂ ರೆಕ್ಕೆಗಳ ತೂಕ ಸಮ ಇರಬೇಕು. ಇಲ್ಲದಿದ್ದರೆ ಆ ನಡುಕ ನೇರವಾಗಿ ಬುಷ್‌ಗೆ, ಅಲ್ಲಿಂದ ಮೋಟಾರಿನ ಬೇರಿಂಗಿಗೆ.

ಮೋಟಾರಿನಿಂದ ಪ್ರೊಪೆಲ್ಲರ್‌ಗೆ ಬಲ ಒಯ್ಯುವುದು ಫ್ಲೆಕ್ಸ್ ಶಾಫ್ಟ್, ಅಂದರೆ ಉಕ್ಕಿನ ಎಳೆಗಳನ್ನು ಸುತ್ತಿ ಮಾಡಿದ ಬಾಗುವ ಕೇಬಲ್. ಜನ ಮರೆಯುವುದೂ ಇದನ್ನೇ. ಹಗ್ಗಕ್ಕೆ ಹುರಿ ಏರಿಸಿದರೆ ಗಿಡ್ಡವಾಗುತ್ತದಲ್ಲ, ಹೊರೆ ಬಿದ್ದಾಗ ಈ ಕೇಬಲ್ಲೂ ಹಾಗೇ ಗಿಡ್ಡವಾಗುತ್ತದೆ. ಅದಕ್ಕೇ ಹಿಂದೆ ಶಾಫ್ಟನ್ನು ಹಿಡಿದಿಡುವ ಸ್ಟ್ರಟ್‌ಗೂ ಪ್ರೊಪೆಲ್ಲರನ್ನು ಶಾಫ್ಟಿಗೆ ಕಚ್ಚಿಸುವ ಡ್ರೈವ್ ಡಾಗ್‌ಗೂ ನಡುವೆ ಎರಡು ಮೂರು ಮಿಲಿಮೀಟರ್ ಸಂದು ಬಿಡಬೇಕು. ಬಿಡದಿದ್ದರೆ ಅವೆರಡೂ ಒಂದಕ್ಕೊಂದು ಒತ್ತಿ ಉಜ್ಜುತ್ತವೆ, ಮೋಟಾರಿನ ಅರ್ಧ ಬಲ ಅಲ್ಲೇ ಬಿಸಿಯಾಗಿ ಹೋದರೂ ಹೋಯಿತು. ತಿರುಗುವ ದಿಕ್ಕೂ ಮುಖ್ಯ. ಹೊರೆಗೆ ಹುರಿ ಬಿಗಿಯಬೇಕು, ಬಿಚ್ಚಬಾರದು. ಮೋಟಾರಿನ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ದಿಕ್ಕು ತಿರುಗುತ್ತದೆ. ಹಾಗಾಗಿ ಹೊಸ ಮೋಟಾರ್ ಕೂರಿಸಿದ ಮೇಲೆ ಥ್ರಾಟಲ್ಲನ್ನು ಮೆಲ್ಲಗೆ ಮುಟ್ಟಿ ಇದನ್ನು ನೋಡಿಕೊಳ್ಳಿ.

ನೀರಾಟ ಮುಗಿದ ದಿನವೇ ಕೇಬಲ್ಲನ್ನು ಅದು ಕೂತಿರುವ ಕೊಳವೆಯಿಂದ ಹೊರಗೆಳೆಯಿರಿ. ನಾಳೆ ಅಂದರೆ ತುಕ್ಕು. ಒರೆಸಿ, ಹರಿದ ಎಳೆ ಇದೆಯೇ ಎಂದು ಬಟ್ಟೆಯಲ್ಲಿ ಜಾರಿಸಿ ನೋಡಿ, ನೀರಿಗೆ ತೊಳೆದು ಹೋಗದ ಮರೀನ್ ಗ್ರೀಸ್ ಸವರಿ ಮತ್ತೆ ಹಾಕಿ. ಗ್ರೀಸ್ ಉಜ್ಜಾಟ ತಗ್ಗಿಸುವುದರ ಜೊತೆಗೆ ಕೊಳವೆಯ ದಾರಿಯಾಗಿ ನೀರು ಒಳಗೆ ಬರದಂತೆಯೂ ತಡೆಯುತ್ತದೆ. ಕೊಳಚೆ ಸೇರುವ ಕೆರೆಯಲ್ಲಿ ಓಡಿಸಿದ್ದರೆ ಮೊದಲು ಒಳ್ಳೆ ನೀರಿನಲ್ಲಿ ತೊಳೆಯಿರಿ.

ನಮ್ಮ ಕೆರೆಗಳ ದೊಡ್ಡ ಶತ್ರು ಅಂತರಗಂಗೆ ಮತ್ತು ಪ್ಲಾಸ್ಟಿಕ್ ಕವರ್. ಗಣೇಶ ಹಬ್ಬದ ನಂತರ ಹೂಮಾಲೆಯ ದಾರವೂ ಸೇರುತ್ತದೆ. ಇವು ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಮೋಟಾರ್ ನಿಂತಲ್ಲೇ ನಿಂತು ಕರೆಂಟ್ ಕುಡಿಯುತ್ತದೆ. ಇದೇ ಕಸ ಚುಕ್ಕಾಣಿಯ ಹತ್ತಿರವಿರುವ ತೂತನ್ನೂ ಮುಚ್ಚುತ್ತದೆ. ಮೋಟಾರನ್ನೂ ಇಎಸ್‌ಸಿಯನ್ನೂ ತಂಪು ಮಾಡುವ ನೀರು ಒಳಗೆ ಹೋಗುವುದು ಆ ತೂತಿನಿಂದಲೇ. ಪಕ್ಕದಿಂದ ಚಿಮ್ಮುವ ಸಣ್ಣ ಧಾರೆ ನಿಂತರೆ ದೋಣಿಯನ್ನು ದಡಕ್ಕೆ ಕರೆಯಿರಿ.

ಹೊಸ ಜೋಡಣೆಯನ್ನು ಒಂದು ನಿಮಿಷ ಓಡಿಸಿ, ದಡಕ್ಕೆ ತಂದು, ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. ಲಿಪೋ ಬ್ಯಾಟರಿ 60 ಡಿಗ್ರಿ ದಾಟಬಾರದು. ಮೋಟಾರಿನ ಸಾಮಾನ್ಯ ನಿಯೋಡಿಮಿಯಮ್ ಆಯಸ್ಕಾಂತ 80ರ ಮೇಲೆ ಬಲ ಕಳೆದುಕೊಳ್ಳತೊಡಗುತ್ತದೆ, ಹೊರಕವಚಕ್ಕಿಂತ ಒಳಗಿನ ಬಿಸಿ ಯಾವಾಗಲೂ ಜಾಸ್ತಿ. ಮೋಟಾರ್, ಇಎಸ್‌ಸಿ, ಬ್ಯಾಟರಿ ಮೂರೂ ಒಟ್ಟಿಗೆ ಕಾದಿದ್ದರೆ ಪ್ರೊಪೆಲ್ಲರನ್ನು ಒಂದು ಸೈಜ್ ಇಳಿಸಿ. ಮೋಟಾರಿಗಿಂತ ಕೊಳವೆಯೋ ಸ್ಟ್ರಟ್ಟೋ ಹೆಚ್ಚು ಬಿಸಿ ಇದ್ದರೆ ಪ್ರೊಪೆಲ್ಲರ್ ಮುಟ್ಟಬೇಡಿ. ಮೋಟಾರ್ ಕೂರಿಸಿದ ಸ್ಕ್ರೂಗಳನ್ನು ಸಡಿಲಿಸಿ, ಮೋಟಾರಿಗೆ ಕೇಬಲ್ ಜೋಡಿಸುವ ಕಪ್ಲರ್ ಮತ್ತು ಕೊಳವೆ ಒಂದೇ ನೇರಕ್ಕೆ ಬಂದಿವೆಯೇ ಎಂದು ಮತ್ತೆ ನೋಡಿ.