ಎತ್ತರ ಒಂದೇ, ಜಿಗಿತ ಬೇರೆ

ಪುಣೆಯಲ್ಲಿ ನನ್ನ ಹತ್ತಿರ ಜಿಗಿತದ ಪರೀಕ್ಷೆಗೆ ಬರುವ ವಾಲಿಬಾಲ್ ಮಕ್ಕಳಲ್ಲಿ ಸೊಲ್ಲಾಪುರ, ವಿಜಯಪುರ ಕಡೆಯ ಕನ್ನಡದ ಮನೆಯವರೂ ಇದ್ದಾರೆ. ಜಿಗಿತ ಮುಗಿಯುತ್ತಿದ್ದಂತೆ ಅಪ್ಪಂದಿರು ಕೇಳುವುದು ಒಂದೇ, "ಎಷ್ಟು ಸೆಂಟಿಮೀಟರ್ ಬಂತ್ರೀ ಮೇಡಮ್?" ನಾನು ಮಾತ್ರ ಆ ಅಂಕಿಯನ್ನು ಕೊನೆಗೆ ನೋಡುತ್ತೇನೆ.

ನಾನು ಜಿಗಿತ ಅಳೆಯುವುದು ಫೋರ್ಸ್ ಪ್ಲೇಟ್ ಮೇಲೆ, ಅಂದರೆ ಕಾಲಡಿಯ ಗಟ್ಟಿ ಹಲಗೆ. ನೆಲವನ್ನು ನಾವೆಷ್ಟು ಒತ್ತುತ್ತೇವೆ ಅನ್ನುವುದನ್ನು ಸಾಮಾನ್ಯವಾಗಿ ಸೆಕೆಂಡಿಗೆ 1000 ಸಲ ಅಳೆಯುತ್ತದೆ. ನಾನು ಎರಡು ಹಲಗೆ ಇಡುತ್ತೇನೆ, ಕಾಲಿಗೊಂದು. ಕೈ ಸೊಂಟದ ಮೇಲಿರಬೇಕು, ಇಲ್ಲದಿದ್ದರೆ ಕೈ ಬೀಸಿದ ಲಾಭವೂ ಲೆಕ್ಕಕ್ಕೆ ಸೇರುತ್ತದೆ. ಜಿಗಿಯುವ ಮೊದಲು ಒಂದು ಸೆಕೆಂಡಾದರೂ ಅಲುಗಾಡದೆ ನಿಲ್ಲಬೇಕು. ಆಗ ಸಿಗುವ ದೇಹದ ತೂಕದ ಮೇಲೆಯೇ ಮುಂದಿನ ಲೆಕ್ಕವೆಲ್ಲ ನಿಂತಿದೆ.

60 ಕೆ.ಜಿ. ಹುಡುಗಿ ಸುಮ್ನೆ ನಿಂತಾಗ ಪರದೆಯ ಮೇಲಿನ ಗೆರೆ ಸುಮಾರು 590 ನ್ಯೂಟನ್‌ನಲ್ಲಿರುತ್ತದೆ (ನ್ಯೂಟನ್ ಅಂದರೆ ಬಲದ ಅಳತೆ). ಮೊಣಕಾಲು ಮಡಿಸಿ ಇಳಿಯಲು ಶುರು ಮಾಡಿದರೆ ಗೆರೆ ಕೆಳಗೆ ಬೀಳುತ್ತದೆ. ಆಮೇಲೆ ದೇಹದ ತೂಕವನ್ನು ದಾಟಿ ಮೇಲೇರುತ್ತದೆ. ಅದು ಬ್ರೇಕ್ ಹಾಕುವ ಹೊತ್ತು. ಎಷ್ಟು ಜೋರಾಗಿ ಇಳಿದಳೋ ಅಷ್ಟನ್ನೂ ಇಲ್ಲಿ ತಡೆಯಲೇಬೇಕು, ಆಮೇಲೆಯೇ ಮೇಲಕ್ಕೆ ತಳ್ಳುವುದು. ತಂತ್ರದ ಗುಟ್ಟೆಲ್ಲ ಹೆಚ್ಚಾಗಿ ಈ ಬ್ರೇಕ್‌ನಲ್ಲೇ ಇರುತ್ತದೆ.

ಇಬ್ಬರು ಹುಡುಗಿಯರು 32 ಸೆಂ.ಮೀ. ಜಿಗಿದರು ಅಂದುಕೊಳ್ಳಿ. ಒಬ್ಬಳಿಗೆ ಇಳಿಯಲು ಶುರು ಮಾಡಿದಾಗಿನಿಂದ ನೆಲ ಬಿಡುವವರೆಗೆ 0.65 ಸೆಕೆಂಡ್ ಸಾಕಾಯಿತು, ಇನ್ನೊಬ್ಬಳಿಗೆ 0.9 ಬೇಕಾಯಿತು. ನೆಟ್ ಮುಂದೆ ಎದುರಾಳಿಯ ಹೊಡೆತ ತಡೆಯಲು ಜಿಗಿದು ಬ್ಲಾಕ್ ಮಾಡುವವಳಿಗೆ ಅಷ್ಟು ಹೊತ್ತು ಯಾರು ಕೊಡುತ್ತಾರೆ? ಎತ್ತರವನ್ನು ಈ ಸಮಯದಿಂದ ಭಾಗಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಮೀಟರ್ ಲೆಕ್ಕದಲ್ಲಿ ಮೊದಲನೆಯವಳದು 0.49, ಎರಡನೆಯವಳದು 0.36.

ಎತ್ತರದ ಅಂಕಿಯೂ ಮೋಸ ಮಾಡಬಹುದು. ಗಾಳಿಯಲ್ಲಿದ್ದ ಸಮಯದಿಂದ ಲೆಕ್ಕ ಹಾಕಿದರೆ 0.50 ಸೆಕೆಂಡಿಗೆ ಸುಮಾರು 31 ಸೆಂ.ಮೀ., 0.54ಕ್ಕೆ ಸುಮಾರು 36. ಗಾಳಿಯಿಂದ ಮೊಣಕಾಲು ಮಡಿಸಿಕೊಂಡು ಇಳಿದರೆ ಪಾದ ನೆಲಕ್ಕೆ ತಡವಾಗಿ ತಾಗಿ ಅಂಕಿ ಏರುತ್ತದೆ, ಜಿಗಿತ ಮಾತ್ರ ಅಷ್ಟೇ. ಅದಕ್ಕೇ ನಾನು ನೆಲ ಒತ್ತಿದ ಬಲದ ಗೆರೆಯಿಂದ ನೆಲ ಬಿಡುವಾಗಿನ ವೇಗ ಕಂಡುಹಿಡಿದು, ಅದರಿಂದ ಎತ್ತರ ತೆಗೆಯುತ್ತೇನೆ.

ನನಗೆ ನಿಜವಾಗಿ ಆತಂಕ ಆಗುವುದು ಮೊಣಕಾಲಿನ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಆಪರೇಷನ್ ಆಗಿ ವಾಪಸ್ ಬರುವ ಮಕ್ಕಳ ಬಗ್ಗೆ. ಅಂಥ ಒಬ್ಬಳ ಅಪ್ಪ ಕೇಳಿದರು, "ಜಿಗಿತ ಮೊದಲಿನಷ್ಟೇ ಬಂದೈತಲ್ರೀ, ಇನ್ನೇನು ಆಡಬಹುದಲ್ಲ?" ಎತ್ತರ ಬಂದಿತ್ತು, ನಿಜ. ಎರಡು ಹಲಗೆಯ ಗೆರೆ ಬೇರೆಯೇ ಕಥೆ ಹೇಳಿತು. ತಳ್ಳುವಾಗ ಎರಡೂ ಹತ್ತಿರ ಹತ್ತಿರ ಇದ್ದವು. ಬ್ರೇಕ್ ಹಾಕುವಾಗ ಆಪರೇಷನ್ ಆದ ಕಾಲಿನ ಗೆರೆ ಕೆಳಗೇ ಉಳಿದಿತ್ತು. ನೆಲಕ್ಕೆ ಇಳಿಯುವಾಗಲಂತೂ ಭಾರವೆಲ್ಲ ಹೆಚ್ಚುಕಡಿಮೆ ಇನ್ನೊಂದು ಕಾಲಿನ ಮೇಲೇ. ಅವಳಿಗೇ ಅದು ಗೊತ್ತಿರಲಿಲ್ಲ. "ಎರಡೂ ಕಾಲು ಒಂದೇ ಥರ ಅನ್ನಿಸ್ತದ ಮೇಡಮ್" ಅಂದಳು. ಇಂಥವರಿಗೆ ನಾನು ಸ್ಪೈಕ್ (ಜಿಗಿದು ಚೆಂಡು ಹೊಡೆಯುವ) ಅಭ್ಯಾಸಕ್ಕೆ ಹಸಿರು ನಿಶಾನೆ ಕೊಡುವುದಿಲ್ಲ. ತಗ್ಗು ಪೆಟ್ಟಿಗೆಯಿಂದ ಇಳಿದು ನಿಲ್ಲುವುದು, ಆಮೇಲೆ ಒಂಟಿ ಕಾಲಿನಲ್ಲಿ ಇಳಿಯುವುದು, ನಿಧಾನವಾಗಿ ಭಾರ ಹೆಚ್ಚಿಸುವುದು, ಮತ್ತೆ ಅಳೆಯುವುದು.

ಪ್ಲೇಟ್ ಇಲ್ಲದ ಕೋಚ್‌ಗಳು ಮೊಬೈಲಿನ ಸ್ಲೋ ಮೋಷನ್ ವಿಡಿಯೋದಲ್ಲಿ ಗಾಳಿಯಲ್ಲಿದ್ದ ಸಮಯ ಎಣಿಸಬಹುದು. ಎತ್ತರ ಸುಮಾರಾಗಿ ಸಿಗುತ್ತದೆ. ಯಾವ ಕಾಲು ಎಷ್ಟು ಭಾರ ಹೊತ್ತಿತು ಅನ್ನುವುದು ಅದರಲ್ಲಿ ಸಿಗುವುದಿಲ್ಲ. ಆಪರೇಷನ್ ಆದ ಮಗುವನ್ನು ಆಟಕ್ಕೆ ಇಳಿಸುವ ಮೊದಲು ಒಮ್ಮೆಯಾದರೂ ಎರಡು ಹಲಗೆಯ ಮೇಲೆ ನಿಲ್ಲಿಸಿ.