ಕೆಳಗೆ ಸಮುದ್ರ ಇದೆಯಂತೆ ಸಾರ್, ಬೋರ್ ಇನ್ನೂ ಇನ್ನೂರು ಅಡಿ ಇಳಿಸೋಣ್ವಾ?

ಬೋರ್‌ವೆಲ್ ನೀರಿನ ಐಸೋಟೋಪ್, ಅಂದರೆ ಒಂದೇ ಧಾತುವಿನ ಹಗುರ-ಭಾರದ ರೂಪಗಳನ್ನು ನೋಡುವುದು ನನ್ನ ಕೆಲಸ. ಬೇಸಿಗೆ ಬಂತೆಂದರೆ ಈ ಪ್ರಶ್ನೆ ತಪ್ಪಿದ್ದಲ್ಲ. ವಾಟ್ಸಾಪ್‌ನಲ್ಲಿ ಬಂದಿದೆಯಂತೆ, ಭೂಮಿಯೊಳಗೆ ಸಮುದ್ರ ಅಡಗಿದೆಯಂತೆ.

ಸುದ್ದಿ ಹುಟ್ಟಿದ್ದು 2014ರಲ್ಲಿ. ಬ್ರೆಜಿಲ್‌ನ ಜುಯಿನಾದ ಒಂದು ವಜ್ರದೊಳಗೆ ರಿಂಗ್‌ವುಡೈಟ್ ಅನ್ನುವ ಖನಿಜದ ಚಿಕ್ಕ ಕಣ ಸಿಕ್ಕಿತು. ಅದು ಸುಮಾರು 520ರಿಂದ 660 ಕಿ.ಮೀ. ಆಳದ್ದು. ತೂಕದಲ್ಲಿ ಸುಮಾರು 1.5 ಪರ್ಸೆಂಟ್ ನೀರು. ಒಂದು ಕಣ ನೋಡಿ ಆ ಆಳದ ಇಡೀ ಪದರದ ನೀರಿನ ಲೆಕ್ಕ ಹೇಳಲು ನಮಗೆ ಧೈರ್ಯ ಸಾಲದು, ಫಾರ್ವರ್ಡ್ ಮಾಡುವವರಿಗೆ ಧಾರಾಳವಾಗಿದೆ.

ಆ ನೀರು ಹರಿಯುವ ನೀರಲ್ಲ. ಹನಿಯೂ ಅಲ್ಲ, ತೇವವೂ ಅಲ್ಲ. ಹರಳಿನ ಒಳಗೆ ಆಮ್ಲಜನಕಕ್ಕೆ ಅಂಟಿಕೊಂಡು ಕೂತ ಹೈಡ್ರೋಜನ್, ಅಷ್ಟೇ. ಒಮ್ಮೆ ಶ್ರೀನಿವಾಸಪುರದ ಕಡೆಯ ಯಜಮಾನರೊಬ್ಬರು ಬೋರ್ ಲಾರಿ ಉಗುಳಿದ ಕಲ್ಲುಪುಡಿ ತಂದಿದ್ದರು. ಸಾವಿರ ಅಡಿ ದಾಟಿದರೂ ಬರೀ ಧೂಳು. ಪುಡಿಯಲ್ಲಿ ಕಪ್ಪು ಕಾಗೆಬಂಗಾರ ಮಿಣಮಿಣ ಅನ್ನುತ್ತಿತ್ತು. "ಇದರಲ್ಲೂ ಮೂರ್ನಾಲ್ಕು ಪರ್ಸೆಂಟ್ ನೀರಿದೆ ಯಜಮಾನ್ರೇ, ಆ ವಜ್ರದ ಕಣಕ್ಕಿಂತ ಜಾಸ್ತಿ" ಅಂದೆ. ಅವರು ಚಿಟಿಕೆ ಪುಡಿ ತಗೊಂಡು ಬೆರಳಲ್ಲಿ ಉಜ್ಜಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಆ ನೀರನ್ನು ಹೊರಗೆ ತೆಗೆಯಬೇಕೆಂದರೆ ನಮ್ಮ ಲ್ಯಾಬಿನಲ್ಲಿ ಮೊದಲು ಗಾಳಿಯ ತೇವ ಹೋಗುವ ಹಾಗೆ ಒಣಗಿಸಿ, ನಂತರ ಸಾವಿರ ಡಿಗ್ರಿಗೂ ಮೇಲೆ ಕಾಯಿಸುತ್ತೇವೆ. ಪಂಪಿಗೆ ಬರುವ ನೀರಲ್ಲ ಅದು. ಇನ್ನು ಆಳದ ಮಾತು. ಮನುಷ್ಯ ಕೊರೆದ ಅತಿ ಆಳದ ತೂತು ರಷ್ಯಾದ ಕೋಲಾದ್ದು, 12,262 ಮೀಟರ್. ನಿಮ್ಮ 1,500 ಅಡಿ ಅರ್ಧ ಕಿ.ಮೀ. ಕೂಡ ಆಗುವುದಿಲ್ಲ.

ಹಾಗಾದರೆ ನಿಮ್ಮ ಬೋರಿನ ನೀರು ಎಲ್ಲಿಯದು? ಮಳೆಯದೇ. ಗೊತ್ತಾಗುವುದು ಹೇಗೆ? ಸಮುದ್ರದ ನೀರಿನಲ್ಲಿ 10 ಲಕ್ಷ ಹೈಡ್ರೋಜನ್‌ಗೆ ಸುಮಾರು 156 ಭಾರದವು, ಅಂದರೆ ಡ್ಯುಟೀರಿಯಂ. ಆಳದ ಶಿಲೆಗಳಲ್ಲಿ ಸಾಮಾನ್ಯವಾಗಿ 145ರ ಆಸುಪಾಸು. ಕೆನಡಾದ ಬ್ಯಾಫಿನ್ ದ್ವೀಪದ ಹಳೇ ಲಾವಾದಲ್ಲಿ 122ರವರೆಗೂ ಇಳಿದಿದೆ. ಆದರೆ ಬರೀ ಈ ಸಂಖ್ಯೆ ಹಿಡಿದು ತೀರ್ಪು ಕೊಡುವ ಹಾಗಿಲ್ಲ, ಯಾಕೆಂದರೆ ಮಳೆನೀರೂ 145 ತೋರಿಸಬಹುದು. ಅದಕ್ಕೇ ಆಮ್ಲಜನಕದ ಐಸೋಟೋಪನ್ನೂ ಜೊತೆಗಿಟ್ಟು ನೋಡುತ್ತೇವೆ. ಮಳೆಯಲ್ಲಿ ಎರಡೂ ಒಟ್ಟೊಟ್ಟಿಗೆ ಏರಿಳಿಯುತ್ತವೆ, ಗ್ರಾಫಿನಲ್ಲಿ ಒಂದು ಗೆರೆಯಾಗುತ್ತದೆ. 1961ರಲ್ಲಿ ಅಮೆರಿಕದ ಭೂರಸಾಯನ ವಿಜ್ಞಾನಿ ಹಾರ್ಮನ್ ಕ್ರೇಗ್ ತೋರಿಸಿದ್ದು ಇದನ್ನೇ. ಬೋರಿನ ನೀರು ಆ ಗೆರೆಯ ಹತ್ತಿರವೇ ಕೂರುತ್ತದೆ. ಕೆರೆಯಲ್ಲಿ ಬಿಸಿಲು ಕುಡಿದು ಇಂಗಿದ್ದಾದರೆ ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ.

ನಿಜಕ್ಕೂ ಪುರಾತನ ನೀರು ಬೇಕಾ? ಕೆನಡಾದ ಕಿಡ್ ಕ್ರೀಕ್ ಗಣಿಯಲ್ಲಿ 2.4 ಕಿ.ಮೀ. ಆಳದಲ್ಲಿದೆ, ನೂರು ಕೋಟಿ ವರ್ಷಕ್ಕೂ ಹಳೆಯದು. ಕಲ್ಲಿನ ಜೊತೆ ಐಸೋಟೋಪ್ ಕೊಟ್ಟು-ತೆಗೆದುಕೊಂಡು ಅದು ಮಳೆಯ ಗೆರೆಯನ್ನೇ ಬಿಟ್ಟು ಮೇಲೆ ಹೋಗಿದೆ. ಬಾಯಿಗಿಡಲಾಗದಷ್ಟು ಉಪ್ಪು.

ಇನ್ನೊಂದು ಮಾತು. ಸ್ಯಾಂಪಲ್ ತರುವವರು ದಯವಿಟ್ಟು ಅರ್ಧ ಬಾಟಲಿ ತರಬೇಡಿ. ಮುಚ್ಚಳ ಸಡಿಲ ಇದ್ದರೆ ಹಗುರ ಹೈಡ್ರೋಜನ್ ಇರುವ ನೀರು ಮೊದಲು ಹಾರುತ್ತದೆ, ಆಮೇಲೆ ರಿಪೋರ್ಟಿನಲ್ಲಿ ನಿಮ್ಮ ಬೋರಿನ ನೀರು ಕೆರೆನೀರಿನ ಹಾಗೆ ಕಾಣುತ್ತದೆ. ಬಾಟಲಿ ಕಂಠದವರೆಗೂ ತುಂಬಿ, ಗುಳ್ಳೆ ಉಳಿಯದ ಹಾಗೆ ಬಿಗಿಯಾಗಿ ಮುಚ್ಚಿ.