ಬ್ಯಾಕ್ಟೀರಿಯಾಗೆ ಬುದ್ಧಿ ಇದೆಯಾ?

ಓದುಗರ ಪ್ರಶ್ನೆ: ಆಂಟಿಬಯೋಟಿಕ್ ಕೊಡ್ತಾ ಹೋದರೆ ಬ್ಯಾಕ್ಟೀರಿಯಾ ಅದನ್ನು ತಡೆದುಕೊಳ್ಳೋದು ಕಲಿಯುತ್ತೆ, ಕಲಿತದ್ದು ಮುಂದಿನ ಪೀಳಿಗೆಗೂ ಹೋಗುತ್ತೆ ಅಂತಾರೆ. ಹಾಗಾದರೆ ಪ್ರಕೃತಿಯೊಳಗೆ ಒಂದು ಬುದ್ಧಿ ಕೆಲಸ ಮಾಡ್ತಿದೆ ಅಂತಲೇ ಅಲ್ವಾ?

ಇದು ತುಂಬಾ ಜನ ಕೇಳುವ ಪ್ರಶ್ನೆ. ಕೇಳಬೇಕಾದ ಪ್ರಶ್ನೆಯೂ ಹೌದು. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಇಲ್ಲ, ವಿಕಾಸದ ಹಿಂದೆ ನಾವು ಬುದ್ಧಿ ಅನ್ನುವಂಥದ್ದು ಕಾಣುವುದಿಲ್ಲ. ಆದರೆ ಸುಮ್ನೆ ಹಾಗಂದರೆ ಯಾಕೆ ನಂಬಬೇಕು? ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ.

ದೇವರು ಇದ್ದಾನಾ ಇಲ್ಲವಾ ಅನ್ನೋದು ಬೇರೆ ಪ್ರಶ್ನೆ. ಅದಕ್ಕೆ ಪ್ರಯೋಗಶಾಲೆಯಲ್ಲಿ ಉತ್ತರ ಸಿಗುವುದಿಲ್ಲ. ವಿಕಾಸವಾದಕ್ಕೆ ಗಟ್ಟಿ ತಳಪಾಯ ಹಾಕಿದವರಲ್ಲಿ ಒಬ್ಬರಾದ ಡೊಬ್ಝಾನ್ಸ್ಕಿ ದೈವಭಕ್ತರೇ ಆಗಿದ್ದರು. ಇಲ್ಲಿ ನಾವು ಕೇಳಬಹುದಾದದ್ದು ಇಷ್ಟು: ಕಷ್ಟ ಎದುರಾದಾಗ ಅದಕ್ಕೆ ತಕ್ಕ ಉಪಾಯ ಹುಡುಕುವುದು ಬುದ್ಧಿಯ ಲಕ್ಷಣ. ಬ್ಯಾಕ್ಟೀರಿಯಾದಲ್ಲಿ ಬದಲಾವಣೆ ಆಗುವುದು ಕಷ್ಟ ಬಂದ ಮೇಲಾ, ಅದಕ್ಕೂ ಮೊದಲೇನಾ?

1943ರಲ್ಲಿ ಸಾಲ್ವಡಾರ್ ಲೂರಿಯಾ ಮತ್ತು ಮ್ಯಾಕ್ಸ್ ಡೆಲ್ಬ್ರುಕ್ ಇದನ್ನೇ ಕೇಳಿದರು. ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್‌ಗಳಿವೆ. ಅಂಥ ವೈರಸ್ ಸುರಿದರೆ ಹೆಚ್ಚುಕಮ್ಮಿ ಎಲ್ಲವೂ ಸಾಯುತ್ತವೆ, ಬೆರಳೆಣಿಕೆಯಷ್ಟು ಉಳಿಯುತ್ತವೆ. ಉಳಿದವು ಹೇಗೆ ಉಳಿದವು? ಲೂರಿಯಾಗೆ ದಾರಿ ಹೊಳೆದದ್ದು ಒಂದು ಸಂತೋಷಕೂಟದಲ್ಲಿ. ಸಹೋದ್ಯೋಗಿಯೊಬ್ಬರು ಜೂಜಿನ ಯಂತ್ರಕ್ಕೆ ಕಾಸು ಹಾಕುತ್ತಾ ಸೋಲುತ್ತಿದ್ದರು. ಒಮ್ಮೆಲೇ ದೊಡ್ಡ ಮೊತ್ತ ಸುರಿಯಿತು. ಎಷ್ಟೋ ಸಲ ಸೊನ್ನೆ, ಒಂದು ಸಲ ರಾಶಿ. ಬ್ಯಾಕ್ಟೀರಿಯಾದ ಲೆಕ್ಕವೂ ಹೀಗೇ ಬರುತ್ತದಾ ಅಂತ ನೋಡಬೇಕು ಅನ್ನಿಸಿತು.

ಅವರ ಒಂದು ಪ್ರಯೋಗದ ಲೆಕ್ಕ ನೋಡಿ. ಒಂದೇ ಮೂಲದ ಬ್ಯಾಕ್ಟೀರಿಯಾವನ್ನು 20 ಟ್ಯೂಬ್‌ಗಳಲ್ಲಿ ಬೇರೆ ಬೇರೆಯಾಗಿ ಬೆಳೆಸಿ, ಆಮೇಲೆ ವೈರಸ್‌ಗೆ ಒಡ್ಡಿದರು. ವೈರಸ್ ಕಂಡ ಮೇಲೆ ಅವು ಉಪಾಯ ಹುಡುಕುವುದಾದರೆ, ಎಲ್ಲಾ ಟ್ಯೂಬ್‌ಗಳಲ್ಲೂ ಉಳಿದವರ ಸಂಖ್ಯೆ ಸುಮಾರು ಒಂದೇ ಇರಬೇಕು. ಆದರೆ 11 ಟ್ಯೂಬ್‌ಗಳಲ್ಲಿ ಒಂದೂ ಉಳಿಯಲಿಲ್ಲ. ಕೆಲವದರಲ್ಲಿ 1, 3, 5, 6. ಒಂದರಲ್ಲಿ 35, ಒಂದರಲ್ಲಿ 64, ಇನ್ನೊಂದರಲ್ಲಿ 107! ಈ ಏರುಪೇರಿಗೆ ಕಾರಣ ಇಷ್ಟೇ: ಆ 107ರ ಟ್ಯೂಬ್‌ನಲ್ಲಿ ವೈರಸ್ ಬರುವ ಎಷ್ಟೋ ಮೊದಲೇ ಒಂದು ಜೀವಕೋಶದ ಡಿಎನ್‌ಎಯಲ್ಲಿ ತಪ್ಪು ನಕಲಾಗಿತ್ತು. ಅದರ ಸಂತಾನ ಅಷ್ಟೊತ್ತಿಗೆ ಬೆಳೆದು ನಿಂತಿತ್ತು. ಸೊನ್ನೆಯ ಟ್ಯೂಬ್‌ಗಳಿಗೆ ಆ ಅದೃಷ್ಟ ಇರಲಿಲ್ಲ.

1952ರಲ್ಲಿ ಎಸ್ತರ್ ಮತ್ತು ಜೋಶುವಾ ಲೆಡರ್‌ಬರ್ಗ್ ದಂಪತಿ ಇದನ್ನು ಕಣ್ಣಿಗೇ ಕಾಣಿಸಿದರು. ಅವರು ಬಳಸಿದ್ದು ಒಂದು ತುಂಡು ವೆಲ್ವೆಟ್ ಬಟ್ಟೆ. ಬ್ಯಾಕ್ಟೀರಿಯಾ ಬೆಳೆದ ತಟ್ಟೆಯ ಮೇಲೆ ಬಟ್ಟೆ ಒತ್ತಿದರೆ ಅದರ ನವಿರಾದ ಎಳೆಗಳಿಗೆ ಜೀವಕೋಶಗಳು ಅಂಟಿಕೊಳ್ಳುತ್ತವೆ, ಇದ್ದ ಜಾಗದಲ್ಲೇ. ಅದೇ ಬಟ್ಟೆಯನ್ನು ಔಷಧಿ ಬೆರೆಸಿದ ಹಲವು ತಟ್ಟೆಗಳಿಗೆ ಒತ್ತಿದರು. ಎಲ್ಲಾ ತಟ್ಟೆಗಳಲ್ಲೂ ಬ್ಯಾಕ್ಟೀರಿಯಾ ಉಳಿದದ್ದು ಬಹುಪಾಲು ಅದೇ ಅದೇ ಜಾಗಗಳಲ್ಲಿ. ಆಮೇಲೆ ಮೊದಲ ತಟ್ಟೆಗೆ ಹಿಂತಿರುಗಿ, ಆ ಜಾಗದಿಂದ ಸ್ವಲ್ಪ ಕೆರೆದು ತೆಗೆದು, ಮತ್ತೆ ಬೆಳೆಸಿ, ಮತ್ತೆ ಆರಿಸುತ್ತಾ ಹೋದರು. ಕೊನೆಗೆ ಕೈಗೆ ಬಂದದ್ದು ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ. ಆದರೆ ಅದಾಗಲೀ ಅದರ ಪೂರ್ವಿಕರಾಗಲೀ ಔಷಧಿಯನ್ನು ಒಂದು ಸಲವೂ ಕಂಡಿರಲಿಲ್ಲ.

ಹಾಗಂತ ಎಲ್ಲವೂ ಬರೀ ಆಕಸ್ಮಿಕ ಅಂತಲ್ಲ. ತಪ್ಪು ನಕಲು ಆಗುವುದು ಕುರುಡಾಗಿ. ಅದರಲ್ಲಿ ಉಳಿಯುವುದು ಮಾತ್ರ ಆ ಪರಿಸರಕ್ಕೆ ಹೊಂದಿದ್ದು. ಸಾವಿರಾರು ತಲೆಮಾರು ಹೀಗೆ ಜರಡಿ ಹಿಡಿದಾಗ ಎಲೆಯಂಥ ಹುಳು, ಹದ್ದಿನ ಕಣ್ಣು ಎಲ್ಲಾ ಸಾಧ್ಯ. ನೋಡಿದರೆ ಯಾರೋ ಕೂತು ಯೋಚಿಸಿ ಮಾಡಿದ ಹಾಗೇ ಕಾಣುತ್ತದೆ.

ಆದರೆ ಯೋಚಿಸುವವರು ಮಾಡದಂಥದ್ದನ್ನೂ ಇದೇ ಜರಡಿ ಮಾಡಿಟ್ಟಿದೆ. ಸಿಕಲ್ ಸೆಲ್ ಕಾಯಿಲೆ ನೋಡಿ. ನಮ್ಮ ಚಾಮರಾಜನಗರ, ಮೈಸೂರು ಕಡೆಯ ಕೆಲವು ಬುಡಕಟ್ಟು ಸಮುದಾಯಗಳಲ್ಲೂ ಇದೆ. ಹಿಮೋಗ್ಲೋಬಿನ್ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಅದು ಬಂದರೆ ಮಲೇರಿಯಾ ವಿಪರೀತಕ್ಕೆ ಹೋಗದಂತೆ ಒಳ್ಳೆಯ ರಕ್ಷಣೆ. ಆಂಥೋನಿ ಆಲಿಸನ್ 1954ರಲ್ಲಿ ಪೂರ್ವ ಆಫ್ರಿಕಾದಲ್ಲಿ ಇದನ್ನು ತೋರಿಸಿದರು. ಇಬ್ಬರಿಂದಲೂ ಬಂದರೆ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ತಡೆಯಲಾರದ ನೋವು. ಅಪ್ಪ ಅಮ್ಮ ಇಬ್ಬರಲ್ಲೂ ಈ ಬದಲಾದ ಜೀನ್‌ನ ಒಂದೊಂದು ಪ್ರತಿ ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ಈ ಕಾಯಿಲೆ ಬರುವ ಸಾಧ್ಯತೆ 4ರಲ್ಲಿ 1. ಕೆಲವು ಮಕ್ಕಳ ನೋವಿನ ಬೆಲೆ ಕೊಟ್ಟು ಉಳಿದವರನ್ನು ಕಾಯುವ ಏರ್ಪಾಡು ಇದು. ಇದನ್ನು ಬುದ್ಧಿ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಯಾರು ಎಷ್ಟು ಉಳಿದರು ಅನ್ನುವ ಲೆಕ್ಕ ಮಾತ್ರ ಇಲ್ಲಿದೆ.

ಪ್ರಶ್ನೆ ಕೇಳಿದವರ ಪರವಾಗಿ ಒಂದು ಬಲವಾದ ಮಾತು ಹೇಳಲೇಬೇಕು. ಯೋಗರ್ಟ್, ಚೀಸ್ ತಯಾರಿಕೆಯಲ್ಲಿ ಬಳಸುವ ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಅನ್ನುವ ಬ್ಯಾಕ್ಟೀರಿಯಾ, ದಾಳಿ ಮಾಡಿದ ವೈರಸ್‌ನ ಡಿಎನ್‌ಎ ತುಂಡೊಂದನ್ನು ತನ್ನ ಡಿಎನ್‌ಎಗೆ ಸೇರಿಸಿಕೊಳ್ಳುತ್ತದೆ. ಅದೇ ವೈರಸ್ ಮತ್ತೆ ಬಂದರೆ ಗುರುತು ಹಿಡಿದು ಕತ್ತರಿಸುತ್ತದೆ. ಈ ಗುರುತು ಸಂತಾನಕ್ಕೂ ಹೋಗುತ್ತದೆ. 2007ರಲ್ಲಿ ಪ್ರಯೋಗದಿಂದ ಖಚಿತವಾದ ಇದೇ ಕ್ರಿಸ್ಪರ್. ಇಲ್ಲಿ ಬದಲಾವಣೆ ಕಷ್ಟ ಬಂದ ಮೇಲೇ ಆಯಿತು, ಪೀಳಿಗೆಗೂ ದಾಟಿತು. ಇದನ್ನು ನೆನಪು ಅನ್ನಲು ನನಗೆ ಅಡ್ಡಿಯಿಲ್ಲ. ಆದರೆ ಈ ವ್ಯವಸ್ಥೆಗೆ ವಿವೇಚನೆ ಇಲ್ಲ. ಕೆಲವೊಮ್ಮೆ ತನ್ನದೇ ಡಿಎನ್‌ಎ ತುಂಡನ್ನು ಶತ್ರುವಿನದೆಂದು ಸೇರಿಸಿಕೊಂಡು, ತನ್ನನ್ನೇ ಕತ್ತರಿಸಿಕೊಂಡು ಸಾಯುವುದೂ ಉಂಟು. ಹಾಗೆ ಸತ್ತವು ಸತ್ತವು, ಉಳಿದವು ಬೆಳೆದವು. ಮತ್ತೆ ಅದೇ ಜರಡಿ.

ಮುಂದಾಲೋಚನೆ ಬೇಕಿದ್ದರೆ ಅದನ್ನು ಮನುಷ್ಯರೇ ತರಬೇಕಾಯಿತು. ಇದೇ ಕ್ರಿಸ್ಪರ್ ಬಳಸಿ ಸಿಕಲ್ ಸೆಲ್ ರೋಗಿಯ ಕಾಂಡಕೋಶಗಳನ್ನು, ಅಂದರೆ ರಕ್ತಕಣಗಳನ್ನು ಹುಟ್ಟಿಸುವ ಮೂಲ ಕೋಶಗಳನ್ನು, ಹೊರತೆಗೆದು, ತಿದ್ದಿ, ಮತ್ತೆ ದೇಹಕ್ಕೆ ಸೇರಿಸುವ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್ ಮತ್ತು ಅಮೆರಿಕ ಒಪ್ಪಿಗೆ ಕೊಟ್ಟವು. ಅಂಡಾಣು ವೀರ್ಯಾಣುಗಳನ್ನು ಅದು ಮುಟ್ಟುವುದಿಲ್ಲ. ಹಾಗಾಗಿ ಈ ತಿದ್ದುಪಡಿ ಆ ಒಬ್ಬ ರೋಗಿಗಷ್ಟೇ. ಅವರ ಮಕ್ಕಳಿಗೆ ಹೋಗುವುದು ಆ ಹಳೆಯ ಅಕ್ಷರವೇ.